ಬೆಟ್ಟಿಂಗ್ ಲಿಂಕ್, ವೀಡ್ ಕಟ್ಟರ್, ಹೋಂಸ್ಟೇ: ಸ್ಥಿರ ಆದಾಯ ಯಾವುದರಲ್ಲಿ ಬೇಗ?

ಶಿವಮೊಗ್ಗದಲ್ಲೇ ಇದ್ದುಕೊಂಡು ವೆಬ್‌ಸೈಟಿನಿಂದ ದುಡಿಯಬೇಕು ಎನ್ನುವ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. "ಅಣ್ಣ, ಬೆಟ್ಟಿಂಗ್ ಅಫಿಲಿಯೇಟ್ ಸೈಟ್ ಮಾಡಿದ್ರೆ ಎಷ್ಟು ತಿಂಗಳಿಗೆ ದುಡ್ಡು ಶುರುವಾಗುತ್ತೆ?" ಅಫಿಲಿಯೇಟ್ ಎಂದರೆ ನಮ್ಮ ಸೈಟಿನಲ್ಲಿ ಒಂದು ಕಂಪನಿಯ ಲಿಂಕ್ ಹಾಕಿ, ಅದನ್ನು ಒತ್ತಿ ಹೋದ ಗಿರಾಕಿಗಳ ಲೆಕ್ಕದಲ್ಲಿ ಆ ಕಂಪನಿಯಿಂದ ಕಮಿಷನ್ ಪಡೆಯುವುದು. ನಾನು ನಾಲ್ಕು ದಾರಿ ಮಾಡಿ ನೋಡಿದ್ದೇನೆ. ಸಾಗರದ ಗೆಳೆಯನ ಜೊತೆ ಸೇರಿ, ಹೊರದೇಶದ ಓದುಗರಿಗಾಗಿ ಇಂಗ್ಲಿಷ್‌ನಲ್ಲಿ ಒಂದು ಕ್ಯಾಸಿನೊ ವಿಮರ್ಶೆಯ ಸೈಟ್. ಅಡಿಕೆ ತೋಟದ ಸಲಕರಣೆಗಳ ಬಗ್ಗೆ ಕನ್ನಡದಲ್ಲಿ ಒಂದು ಸೈಟ್. ಅದೇ ವಿಷಯಕ್ಕೆ ಯೂಟ್ಯೂಬ್ ಚಾನೆಲ್. ಮತ್ತೆ ಹೋಂಸ್ಟೇಗಳ ಆನ್‌ಲೈನ್ ಕೆಲಸವನ್ನು ತಿಂಗಳ ಲೆಕ್ಕದಲ್ಲಿ ನೋಡಿಕೊಳ್ಳುವುದು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಬ್ಬೊಬ್ಬ ಗಿರಾಕಿಯ ಲೆಕ್ಕ ಹಾಕಿದರೆ ನನಗೆ ಅತಿ ಜಾಸ್ತಿ ದುಡ್ಡು ಕೊಟ್ಟಿದ್ದು ಕ್ಯಾಸಿನೊ ಸೈಟ್. ಸ್ಥಿರ ಎಂದು ಕರೆಯಬಹುದಾದ ಆದಾಯ ಅದರಿಂದ ಯಾವತ್ತೂ ಬರಲಿಲ್ಲ.

ಸ್ಥಿರ ಎಂದರೆ ಎಷ್ಟು ಎನ್ನುವುದಕ್ಕೆ ನನ್ನ ಅಳತೆ ನಮ್ಮ ಮಳೆಗಾಲ. ಜುಲೈ ತಿಂಗಳಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಕರೆಂಟ್ ಹೋದ ಮೇಲೆ ಟವರ್ ಕೂಡ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಲ್ಯಾಪ್‌ಟಾಪ್ ತೆರೆಯದೆ ಇದ್ದರೂ ಮನೆ ಖರ್ಚು ನಡೆಯುವಷ್ಟು ಬರಬೇಕು. ಒಂದು ತಿಂಗಳು ದೊಡ್ಡ ಮೊತ್ತ, ಮುಂದಿನ ತಿಂಗಳು ಸೊನ್ನೆ ಎಂದಾದರೆ ಅದನ್ನು ನಂಬಿ ಮಕ್ಕಳ ಶಾಲೆ ಫೀಸಿಗೆ ದಿನ ಗೊತ್ತು ಮಾಡಲಾಗದು ಅಲ್ವಾ?

ಕ್ಯಾಸಿನೊ ಸೈಟಿನ ಲೆಕ್ಕ ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಹುಡುಗರಿಗೆ ಯಾರೂ ಅದನ್ನು ಪೂರ್ತಿ ಹೇಳುವುದಿಲ್ಲ. ಅಲ್ಲಿ ಹಣ ಬರುವುದು ಮುಖ್ಯವಾಗಿ ಎರಡು ರೀತಿ. ಮೊದಲನೆಯದು ತಲೆಗಿಷ್ಟು ಎನ್ನುವ ಲೆಕ್ಕ. ನಮ್ಮ ಲಿಂಕ್ ಒತ್ತಿ ಹೋದವನು ಮೊದಲ ಸಲ ಹಣ ಕಟ್ಟಿದಾಗ ನಮಗೆ ಒಂದೇ ಬಾರಿ ಒಂದು ಮೊತ್ತ ಸಿಗುತ್ತದೆ. ಎರಡನೆಯದು ಪಾಲು. ಅವನು ಸೋತ ಹಣದಲ್ಲಿ ನಮಗೊಂದು ಭಾಗ. ಆದರೆ ಆ ಭಾಗ ಸಿಗುವುದು ಎಲ್ಲ ಕಳೆದ ಮೇಲೆ. ಉದಾಹರಣೆಗೆ ಒಬ್ಬ 10,000 ಸೋತ ಎಂದುಕೊಳ್ಳಿ. ಅದರಲ್ಲಿ ಕಂಪನಿ ಅವನಿಗೆ ಕೊಟ್ಟ ಬೋನಸ್ 2,000 ಹೋಯಿತು. ತೆರಿಗೆ, ಪಾವತಿ ಶುಲ್ಕ ಎಂದು 3,000 ಹೋಯಿತು. ಉಳಿದ 5,000ಕ್ಕೆ ಶೇಕಡಾ 30 ಹಾಕಿದರೆ ನಮ್ಮ ಕೈಗೆ 1,500. ಕಳೆಯುವ ಲೆಕ್ಕ ಪೂರ್ತಿ ಕಂಪನಿಯ ಕೈಯಲ್ಲಿ. ನಾವು ನೋಡುವುದು ಅವರು ತೋರಿಸುವ ಡ್ಯಾಶ್‌ಬೋರ್ಡ್ (ಲೆಕ್ಕದ ಪುಟ) ಮಾತ್ರ. ಆಯಾ ದೇಶದ ಸರ್ಕಾರ ತೆರಿಗೆ ಏರಿಸಿದರೂ ನಮ್ಮ ಪಾಲು ಇಳಿಯುತ್ತದೆ. ಆನ್‌ಲೈನ್ ಕ್ಯಾಸಿನೊ ಮೇಲಿನ ತೆರಿಗೆಯನ್ನು 2026ರ ಏಪ್ರಿಲ್‌ನಿಂದ ಶೇಕಡಾ 21ರಿಂದ 40ಕ್ಕೆ ಏರಿಸುವುದಾಗಿ ಬ್ರಿಟನ್ 2025ರ ನವೆಂಬರ್ ಬಜೆಟ್‌ನಲ್ಲಿ ಹೇಳಿತು. ಅಲ್ಲಿನ ಆಟಗಾರರನ್ನು ನಂಬಿದ ಸೈಟುಗಳಿಗೆ ಇದು ನೇರ ಪೆಟ್ಟು.

ಇನ್ನೊಂದು ಷರತ್ತು ಒಪ್ಪಂದದ ಕೆಳಗಡೆ ಇರುತ್ತದೆ. ನಮ್ಮ ಲಿಂಕ್‌ನಿಂದ ಹೋದವನು ದೊಡ್ಡದಾಗಿ ಗೆದ್ದರೆ ಆ ತಿಂಗಳ ನಮ್ಮ ಖಾತೆ ಮೈನಸ್‌ಗೆ ಹೋಗುತ್ತದೆ. ಕೆಲವು ಕಂಪನಿಗಳು ಆ ಮೈನಸ್ ಅನ್ನು ತಿಂಗಳ ಕೊನೆಗೆ ಅಳಿಸುತ್ತವೆ. ಕೆಲವು ಮುಂದಿನ ತಿಂಗಳಿಗೆ ದೂಡುತ್ತವೆ. ನಾವು ಸೇರಿದ್ದ ಒಂದು ಕಂಪನಿ ದೂಡುವ ಜಾತಿಯದ್ದು. ಒಬ್ಬ ಆಟಗಾರ ಗೆದ್ದ ಮೇಲೆ, ಉಳಿದವರೆಲ್ಲ ಸೋಲುತ್ತಿದ್ದರೂ ನಮ್ಮ ಖಾತೆ ತಿಂಗಳುಗಟ್ಟಲೆ ಮೇಲೇಳಲಿಲ್ಲ. ಆಮೇಲೆ ಅದೇ ಕಂಪನಿ ಹಳೆಯ ಆಟಗಾರರ ಪಾಲನ್ನು ಇಳಿಸಿ ಒಂದು ಇಮೇಲ್ ಕಳಿಸಿತು. ಕೇಳುವವರಿಲ್ಲ.

ಸಮಯದ ಮಾತಿಗೆ ಬಂದರೆ, ಹೊಸ ಸೈಟಿಗೆ ಒಂದರಿಂದ ಎರಡು ವರ್ಷ ಬೇಕು ಎಂದು ಈ ವ್ಯಾಪಾರದಲ್ಲಿ ಇರುವವರು ಸಾಮಾನ್ಯವಾಗಿ ಹೇಳುತ್ತಾರೆ. ನಮಗೆ ಮೊದಲ ಪಾವತಿ ಬಂದಿದ್ದು ಒಂದು ಮಳೆಗಾಲ ಕಳೆದು ಅಡಿಕೆ ಸುಲಿಯುವ ಹೊತ್ತಿಗೆ. ಅಷ್ಟರಲ್ಲಿ ಬ್ಯಾಕ್‌ಲಿಂಕ್‌ಗೆ, ಅಂದರೆ ಗೂಗಲ್‌ನಲ್ಲಿ ಮೇಲೆ ಬರಲೆಂದು ಬೇರೆ ಸೈಟುಗಳಲ್ಲಿ ಹಾಕಿಸುವ ನಮ್ಮ ಸೈಟಿನ ಲಿಂಕ್‌ಗೆ, ಸುರಿದ ದುಡ್ಡು ಅದಕ್ಕಿಂತ ಜಾಸ್ತಿ. ಲಿಂಕ್ ಮಾರುವವರು ಕ್ಯಾಸಿನೊ ಎಂದ ಕೂಡಲೇ ಬೇರೆ ದರ ಹೇಳುತ್ತಾರೆ. ತೋಟದ ಸೈಟಿಗೆ ಕೇಳುವುದರ ಎರಡು ಮೂರು ಪಟ್ಟು. ಎದುರಾಳಿಗಳೂ ಸಣ್ಣವರಲ್ಲ. ಬೆಟರ್ ಕಲೆಕ್ಟಿವ್, ಗ್ಯಾಂಬ್ಲಿಂಗ್ ಡಾಟ್ ಕಾಮ್ ಗ್ರೂಪ್‌ನಂಥವು ಷೇರುಪೇಟೆಯಲ್ಲಿರುವ ಕಂಪನಿಗಳು. ಬರೆಯಲು, ಪರೀಕ್ಷಿಸಲು ಅವರಿಗೆ ಪಡೆಯೇ ಇದೆ. ಸಾಗರದ ಒಂದು ರೂಮಿನಿಂದ ಅವರನ್ನು ಗೂಗಲ್‌ನ ಮೊದಲ ಪುಟದಿಂದ ಇಳಿಸುವುದು ಶ್ರಮದಿಂದ ಮಾತ್ರ ಆಗುವ ಕೆಲಸವಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಯಾವ ಸೈಟನ್ನು ಮೇಲೆ ತೋರಿಸಬೇಕು ಎನ್ನುವ ತನ್ನ ಲೆಕ್ಕಾಚಾರವನ್ನು ಗೂಗಲ್ ಬದಲಿಸಿದಾಗ ನಮ್ಮ ಓದುಗರು ಇಳಿದರು. 2024ರ ಮಾರ್ಚ್‌ನ ದೊಡ್ಡ ಬದಲಾವಣೆಯ ನಂತರ ಸೈಟ್ ಹುಡುಕಿದರೂ ಸಿಗದ ಹಾಗಾಯಿತು. ಅಲ್ಲಿಗೆ ನಿಲ್ಲಿಸಿದೆವು.

ಗೂಗಲ್ ಹೊಡೆತ ಬೀಳದಿದ್ದರೂ ನಾನು ಮುಂದುವರಿಸುತ್ತಿರಲಿಲ್ಲ. ಪಾಲಿನ ಲೆಕ್ಕದಲ್ಲಿ ನಮಗೆ ಅತಿ ಒಳ್ಳೆಯ ಗಿರಾಕಿ ಯಾರು ಗೊತ್ತಾ? ಪ್ರತಿ ತಿಂಗಳು ಸೋಲುವವನು. ಸೋತರೂ ಬಿಡಲಾಗದವನು. ಡ್ಯಾಶ್‌ಬೋರ್ಡಿನಲ್ಲಿ ಹೆಸರಿಲ್ಲ, ಒಂದು ನಂಬರ್ ಇರುತ್ತದೆ. ರಾತ್ರಿ ಮೂರು ಗಂಟೆಗೆ ಆ ನಂಬರ್ ಮತ್ತೆ ಹಣ ಕಟ್ಟಿದ್ದು ಕಾಣುತ್ತದೆ. ಐಪಿಎಲ್ ಶುರುವಾದರೆ ನಮ್ಮೂರಿನ ಹಾಸ್ಟೆಲ್ ಹುಡುಗರು ಸಾಲದ ಆ್ಯಪ್‌ಗಳಿಂದ ಹಣ ತೆಗೆದು ಬೆಟ್ ಕಟ್ಟುವುದನ್ನು ಕಂಡವನು ನಾನು. ಆ ನಂಬರ್ ಬೇರೆ ದೇಶದ್ದು ಎನ್ನುವುದು ನನಗೆ ಸಮಾಧಾನ ಕೊಡಲಿಲ್ಲ.

ಈಗ ಕಾನೂನೂ ಬದಲಾಗಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. ಅದನ್ನೇ ಹಿಡಿದು "ಏನೂ ಆಗಲ್ಲ ಬಿಡಿ" ಎನ್ನುವವರು ಇನ್ನೂ ಇದ್ದಾರೆ. ಆದರೆ ಕೇಂದ್ರದ ಹೊಸ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದರ ಜೊತೆಗೆ, ಅದರ ಪ್ರಚಾರವನ್ನೂ ಅದು ಅಪರಾಧ ಮಾಡಿದೆ. ಪ್ರಚಾರಕ್ಕೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಅಫಿಲಿಯೇಟ್ ಸೈಟಿನ ಕೆಲಸವೇ ಪ್ರಚಾರ. ಟೆಲಿಗ್ರಾಂನಲ್ಲಿ "ಲಿಂಕ್ ಶೇರ್ ಮಾಡಿ, ಕಮಿಷನ್ ತಗೊಳ್ಳಿ" ಎಂದು ಬರುವ ಮೆಸೇಜನ್ನು ನಂಬಿ ಹೊರಟ ಹುಡುಗ ಇದರೊಳಗೇ ಬರುತ್ತಾನೆ. ಪ್ರೀತಿಯಿಂದ ಹೇಳುತ್ತೇನೆ, ಇಲ್ಲಿಯವರಿಗಾಗಿ ಅಂಥ ಸೈಟ್ ಮಾಡಲು ಹೋಗಬೇಡಿ.

ತೋಟದ ಸಲಕರಣೆಯ ಸೈಟ್ ಇದಕ್ಕೆ ಪೂರ್ತಿ ಎದುರು. ಕಮಿಷನ್ ಸಣ್ಣದು. ಅಮೆಜಾನ್ ಲಿಂಕ್ ಒತ್ತಿದವನು 24 ಗಂಟೆಯೊಳಗೆ ಸಾಮಾನನ್ನು ಕಾರ್ಟಿಗಾದರೂ ಹಾಕಿಕೊಳ್ಳಬೇಕು. ದುಡ್ಡು ಕೈಗೆ ಬರುವುದು ತಿಂಗಳು ಮುಗಿದು ಸುಮಾರು 60 ದಿನಕ್ಕೆ. ಮೊದಲು ನಾನು ದೊಡ್ಡ ಸಾಮಾನುಗಳ ಬಗ್ಗೆ ಬರೆದೆ. ಕಾರ್ಬನ್ ಫೈಬರ್ ದೋಟಿ (ಕೆಳಗೆ ನಿಂತೇ ಅಡಿಕೆ ಕೊಯ್ಯುವ ಉದ್ದ ಕೋಲು), ವೀಡ್ ಕಟ್ಟರ್, ಸ್ಪ್ರೇಯರ್. ಜನ ಓದಿದರು, ಫೋನ್ ಮಾಡಿ ಕೇಳಿದರು, ಆಮೇಲೆ ಪರಿಚಯದ ಅಂಗಡಿಯಲ್ಲಿ ಕೊಂಡರು. ಅದು ಸರಿಯೇ. ದೋಟಿ ಕೈಯಲ್ಲಿ ಎತ್ತಿ ನೋಡದೆ ಯಾರು ಕೊಳ್ಳುತ್ತಾರೆ? ಲಿಂಕ್‌ನಿಂದ ಮಾರಾಟವಾಗಿದ್ದು ಸಣ್ಣ ಸಾಮಾನು. ವೀಡ್ ಕಟ್ಟರಿನ ನೈಲಾನ್ ದಾರ, ಸ್ಪ್ರೇಯರ್ ನಾಝಲ್, ತಲೆಗೆ ಕಟ್ಟುವ ಟಾರ್ಚ್, ಗಂಬೂಟು, ಬ್ಯಾಟರಿ ಚಾರ್ಜರ್. ಇವು ಸವೆಯುತ್ತವೆ, ಕಳೆದುಹೋಗುತ್ತವೆ, ಮತ್ತೆ ಬೇಕಾಗುತ್ತವೆ. ಎಲೆಚುಕ್ಕಿ ರೋಗ ಜಾಸ್ತಿಯಾದ ಮೇಲೆ ಸಿಂಪಡಣೆಯ ಸಾಮಾನು ಹುಡುಕುವವರೂ ಹೆಚ್ಚಾದರು. ಅಡಿಕೆಗೆ ಸಿಂಪಡಿಸುವ ಬೋರ್ಡೋ ಮಿಶ್ರಣ ಮಾಡುವುದು ಹೇಗೆ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಬರೆದ ಪುಟ ಇವತ್ತಿಗೂ ಮೇ ತಿಂಗಳು ಬಂದರೆ ಓದುಗರನ್ನು ತರುತ್ತದೆ. ಗೂಗಲ್‌ನ ಅದೇ ಬದಲಾವಣೆಗಳು ಇದನ್ನು ಅಲುಗಾಡಿಸಿದವು, ಬೀಳಿಸಲಿಲ್ಲ. ತೋಟದಲ್ಲಿ ನಿಂತು ತೆಗೆದ ಫೋಟೊ, ಅಡಿಕೆ ಕೊನೆ (ಗೊನೆ) ತೆಗೆಯುವವರ ಅನುಭವ, ಇವೆಲ್ಲ ಬೇರೆ ಯಾವ ಸೈಟಿನಲ್ಲೂ ಸಿಗುತ್ತಿರಲಿಲ್ಲ. ನನ್ನ ಅಳತೆಯ ಸ್ಥಿರ ಆದಾಯ ಇದರಲ್ಲಿ ಬಂದಿದ್ದು ಮೂರನೇ ಮಳೆಗಾಲಕ್ಕೆ. ಮೊತ್ತ ದೊಡ್ಡದಲ್ಲ. ಆದರೆ ನಾನು ನೆಟ್‌ವರ್ಕ್ ಇಲ್ಲದೆ ಕೂತಿದ್ದಾಗಲೂ ಬಂತು.

ಯೂಟ್ಯೂಬ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1,000 ಚಂದಾದಾರರು, ಜೊತೆಗೆ ಒಂದು ವರ್ಷದೊಳಗೆ 4,000 ಗಂಟೆ ವೀಕ್ಷಣೆ ಇಲ್ಲವೇ 90 ದಿನದೊಳಗೆ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಆಗದೆ ಜಾಹೀರಾತಿನ ಪಾಲು ಸಿಗುವುದಿಲ್ಲ. ನನ್ನದು ಗಂಟೆಗಳ ದಾರಿ. ಚಂದಾದಾರರು ಬೇಗ ಸಿಕ್ಕರು, ಗಂಟೆಗಳು ತುಂಬಲು ಕಾಯಬೇಕಾಯಿತು. ಕನ್ನಡದಲ್ಲಿ ಜಾಹೀರಾತಿನ ದರ ಕಡಿಮೆ. ವಿಡಿಯೊ ಹಾಕುವುದು ನಿಲ್ಲಿಸಿದರೆ ಆದಾಯವೂ ಕುಗ್ಗುತ್ತದೆ, ಹಾಗಾಗಿ ನನ್ನ ಮಳೆಗಾಲದ ಪರೀಕ್ಷೆಯಲ್ಲಿ ಇದು ಪಾಸಾಗಲಿಲ್ಲ. ಸೈಟಿಗೆ ಓದುಗರನ್ನು ಕಳಿಸುವ ದಾರಿಯಾಗಿ ಮಾತ್ರ ಇಟ್ಟುಕೊಂಡಿದ್ದೇನೆ.

ಎಲ್ಲಕ್ಕಿಂತ ಬೇಗ ದುಡ್ಡು ಬಂದಿದ್ದು ಹೋಂಸ್ಟೇ ಕೆಲಸದಲ್ಲಿ, ಮೊದಲ ತಿಂಗಳೇ. ಜೋಗ, ಆಗುಂಬೆ, ತೀರ್ಥಹಳ್ಳಿ ಸುತ್ತ ಒಳ್ಳೆಯ ಮನೆಗಳಿವೆ, ಒಳ್ಳೆಯ ಊಟವಿದೆ. ಆದರೆ ಗೂಗಲ್ ಮ್ಯಾಪ್‌ನಲ್ಲಿ ಹುಡುಕಿದರೆ ದಾರಿ ತಪ್ಪಾಗಿರುತ್ತದೆ, ಫೋಟೊ ಕತ್ತಲಾಗಿರುತ್ತದೆ, ಫೋನ್ ನಂಬರ್ ಹಳೆಯದು. ಅದನ್ನು ಸರಿಮಾಡಿ, ಅತಿಥಿಗಳು ಬರೆದ ಅಭಿಪ್ರಾಯಗಳಿಗೆ ಉತ್ತರ ಕೊಟ್ಟು, ಬುಕಿಂಗ್ ನೇರವಾಗಿ ಮಾಲೀಕರಿಗೇ ಬರುವ ಹಾಗೆ ಮಾಡಿದರೆ ಅವರಿಗೆ ದೊಡ್ಡ ಬುಕಿಂಗ್ ಸೈಟುಗಳ ಕಮಿಷನ್ ಉಳಿಯುತ್ತದೆ. ಅದರಲ್ಲಿ ನನ್ನ ತಿಂಗಳ ಮೊತ್ತ ಕೊಡುವುದು ಅವರಿಗೆ ಭಾರವಲ್ಲ. ಒಂದು ಮನೆಯವರು ಇನ್ನೊಂದು ಮನೆಯವರಿಗೆ ಹೇಳುತ್ತಾರೆ. ಮುಂದಿನ ಮಳೆಗಾಲದ ಹೊತ್ತಿಗೆ ಇದು ಸ್ಥಿರವಾಗಿತ್ತು. ಜೋಗ ತುಂಬಿ ಹರಿಯುವ ದಿನಗಳಲ್ಲಿ ಅವರಿಗೆ ಗಿರಾಕಿ ಜಾಸ್ತಿ, ಹಾಗಾಗಿ ನನಗೆ ಮಳೆಗಾಲ ಕಷ್ಟದ ಕಾಲವಾಗದೆ ಕೆಲಸದ ಕಾಲವಾಯಿತು. ತೊಂದರೆ ಎರಡು. ಬೇಸಿಗೆಯ ಕೊನೆಗೆ ಕೆಲವರು ಹಣ ತಡ ಮಾಡುತ್ತಾರೆ. ಮತ್ತೆ ಒಬ್ಬನೇ ನೋಡಿಕೊಳ್ಳಬಹುದಾದ ಮನೆಗಳಿಗೆ ಒಂದು ಮಿತಿ ಇದೆ. ಅದನ್ನು ದಾಟಿದರೆ ಯಾರ ಕೆಲಸವೂ ಸರಿಯಾಗುವುದಿಲ್ಲ.

ಹಾಗಾಗಿ ಈಗ ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ಹೀಗೆ. ಮೊದಲು ನಿಮ್ಮ ತಾಲೂಕಿನಲ್ಲೇ ಒಂದೆರಡು ಹೋಂಸ್ಟೇ, ಇಲ್ಲವೇ ನರ್ಸರಿ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ಮನೆ ಹಿಡಿಯಿರಿ. ಅವರ ಕೆಲಸದಿಂದ ತಿಂಗಳ ಖರ್ಚು ನಡೆಯಲಿ. ಸಂಜೆ ಹೊತ್ತು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯದ ಸೈಟಿಗೆ ಬರೆಯಿರಿ, ಅದಕ್ಕೆ ಎರಡು ವರ್ಷ ಕೊಡಿ. ಲಿಂಕ್ ಕೊಳ್ಳಲು ದುಡ್ಡು ಹಾಕಬೇಡಿ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಯುಪಿಎಸ್ ತಗೊಳ್ಳಿ, ಜೂನ್ ಬರುವುದರೊಳಗೆ.