ತಂಬಾನೂರಿನ ಕಾಫಿ ಹೌಸ್, ಎರಡು ಕಟ್ಲೆಟ್, ಮತ್ತು 1965ರ ಲೆಕ್ಕ

ತಿರುವನಂತಪುರ ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ತಂಬಾನೂರು ಬಸ್ ಸ್ಟ್ಯಾಂಡ್. ಅದರ ಹತ್ತಿರ ಕೆಂಪು ಇಟ್ಟಿಗೆಯ ದುಂಡನೆಯ ಗೋಪುರವೊಂದು ಕಾಣುತ್ತದೆ. ಮೊದಲ ಸಲ ನೋಡುವವರಿಗೆ ಅದು ಹೋಟೆಲು ಅಂತ ಗೊತ್ತೇ ಆಗುವುದಿಲ್ಲ. ಅದೇ ಇಂಡಿಯನ್ ಕಾಫಿ ಹೌಸ್. ಕಟ್ಟಡದ ವಿನ್ಯಾಸ ಲಾರಿ ಬೇಕರ್ ಅವರದು. ಒಳಗೆ ಮಹಡಿ ಅಂತ ಬೇರೆ ಬೇರೆ ಇಲ್ಲ. ನೆಲವೇ ಶಂಖದ ಹಾಗೆ ಸುತ್ತುತ್ತಾ ಮೇಲೆ ಹೋಗುತ್ತದೆ. ಹೊರಗೋಡೆಗೆ ಒತ್ತಿಕೊಂಡು ಕಟ್ಟೆಯಂಥ ಬೆಂಚು, ಮೇಜು. ಗೋಡೆಯ ಇಟ್ಟಿಗೆಗಳ ಸಂದಿಯಿಂದ ಬೆಳಕೂ ಗಾಳಿಯೂ ಬರುತ್ತವೆ. ಮಂಡಿನೋವು ಇರುವವರು ಕೆಳಗೇ ಕೂರಿ. ಉಳಿದವರು ಒಂದು ಸುತ್ತಾದರೂ ಹತ್ತಿ.

ನಾನು ಕಾಸರಗೋಡಿನವನು. ಈ ಸಲ ಹೋದದ್ದು ಮಗಳ ಪರೀಕ್ಷೆಗೆ. ಅವಳನ್ನು ಬಿಟ್ಟು ಬಂದ ಮೇಲೆ ಮೂರು ಗಂಟೆ ಖಾಲಿ ಇತ್ತು. ಕೊಲ್ಲಂನಲ್ಲಿರುವ ಹಳೇ ಸಹೋದ್ಯೋಗಿ ಒಬ್ಬರಿಗೆ ಫೋನ್ ಮಾಡಿದೆ. ಅವರು ನಿವೃತ್ತ ಮೇಷ್ಟ್ರು, ನಮಗೆಲ್ಲ 'ಮಾಷ್'. ರೈಲು ಹತ್ತಿ ಬಂದೇಬಿಟ್ಟರು.

ಮೊದಲು ತಿಂಡಿಯ ವಿಷಯ. ಕಟ್ಲೆಟ್ ಮುರಿದರೆ ಒಳಗೆ ಕಡುಕೆಂಪು. ಬೀಟ್ರೂಟ್! ಮಸಾಲೆ ದೋಸೆಯ ಪಲ್ಯದಲ್ಲೂ ಅದೇ. ನಮ್ಮ ಕಡೆಯ ಬರೀ ಆಲೂಗಡ್ಡೆ ಪಲ್ಯದ ದೋಸೆ ತಿಂದವರಿಗೆ ಮೊದಲು ವಿಚಿತ್ರ ಅನಿಸುತ್ತದೆ, ಸ್ವಲ್ಪ ಸಿಹಿ ಜಾಸ್ತಿ. ನನಗೆ ಅಭ್ಯಾಸವಾಗಿದೆ, ಅದಿಲ್ಲದಿದ್ದರೆ ಕಾಫಿ ಹೌಸ್‌ಗೆ ಬಂದ ಹಾಗೇ ಅನಿಸುವುದಿಲ್ಲ. ಕಟ್ಲೆಟ್ ಬಿಸಿಬಿಸಿ ಇತ್ತು, ಹೊರಗೆ ಗರಿಗರಿ. ಕಾಫಿ ಹದವಾಗಿತ್ತು. ಬಡಿಸುವವರು ಬಿಳಿ ಯೂನಿಫಾರ್ಮ್, ಬೀಸಣಿಗೆಯ ಹಾಗೆ ಗರಿ ಬಿಟ್ಟ ಪೇಟ. ನಮ್ಮಿಬ್ಬರ ಹರಟೆ ಮುಗಿಯುವವರೆಗೆ ಯಾರೂ ಬಿಲ್ಲು ತಂದಿಡಲಿಲ್ಲ. ಅದಕ್ಕೇ ನಾನು ಇಲ್ಲಿಗೆ ಬರುವುದು.

ಈ ಜಾಗವನ್ನು ನಡೆಸುವವರು ಕೆಲಸಗಾರರೇ. 1957ರಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿತು. ಕೆಲಸ ಕಳೆದುಕೊಂಡವರನ್ನು ಒಟ್ಟು ಮಾಡಿ, 'ನೀವೇ ಸೊಸೈಟಿ ಕಟ್ಟಿ ನಡೆಸಿ' ಅಂತ ಮುಂದೆ ನಿಂತವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್, ನಮ್ಮ ಎಕೆಜಿ. ಮೊದಲ ಸೊಸೈಟಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ಅದೇ ವರ್ಷ ಆಗಸ್ಟಿನಲ್ಲಿ. ಚರ್ಚ್ ಸ್ಟ್ರೀಟಿನ ಕಾಫಿ ಹೌಸ್‌ಗೆ ಹೋಗುವ ಹುಡುಗ ಹುಡುಗಿಯರಿಗೆ ಇದು ಗೊತ್ತಿರಲಿ ಅಂತ ಹೇಳಿದೆ. ಕೇರಳದ ಮೊದಲನೆಯದು 1958ರಲ್ಲಿ ತ್ರಿಶೂರಿನಲ್ಲಿ ಶುರುವಾಯಿತು. ಎಕೆಜಿ ಆಗ ನಮ್ಮ ಕಾಸರಗೋಡಿನ ಎಂಪಿ. 1957, 1962, 1967, ಮೂರು ಸಲ ನಮ್ಮೂರಿನಿಂದ ಗೆದ್ದವರು. ಮೊದಲೆರಡು ಸಲ ಸಿಪಿಐ, ಮೂರನೇ ಸಲ ಸಿಪಿಎಂ. ನಡುವೆ ಕಮ್ಯುನಿಸ್ಟ್ ಪಾರ್ಟಿ ಈ ಎರಡಾಗಿ ಒಡೆದಿತ್ತು.

ಆ ಒಡಕು ನಮ್ಮ ಮನೆಯೊಳಗೂ ಬಂದಿತ್ತು. 1964ರಲ್ಲಿ ಅಪ್ಪ 'ಬಲ ಕಮ್ಯುನಿಸ್ಟ್' ಆಗಿ, ಅಂದರೆ ಸಿಪಿಐನಲ್ಲೇ ಉಳಿದರು, ಚಿಕ್ಕಪ್ಪ 'ಎಡ ಕಮ್ಯುನಿಸ್ಟ್', ಅಂದರೆ ಸಿಪಿಎಂ ಆದರು. 1965ರ ಚುನಾವಣೆಯ ಹೊತ್ತಿಗೆ ಒಂದೇ ಜಗಲಿಯಲ್ಲಿ ಕೂತು ಊಟ ಮಾಡುವುದನ್ನೂ ಬಿಟ್ಟಿದ್ದರಂತೆ. ಅಜ್ಜಿ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಬಡಿಸುತ್ತಿದ್ದರು. ಇದನ್ನು ಅಜ್ಜಿಯೇ ನನಗೆ ಹೇಳಿದ್ದು, ಹೇಳುವಾಗೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮಾಷ್ ಪೇಪರ್ ನ್ಯಾಪ್‌ಕಿನ್ ಮೇಲೆ ಲೆಕ್ಕ ಬರೆದರು. 1965ರಲ್ಲಿ ಕೇರಳ ವಿಧಾನಸಭೆಗೆ 133 ಸೀಟು. ಸಿಪಿಎಂಗೆ 40, ಸಿಪಿಐಗೆ ಬರೀ 3. ಕೂಡಿದರೆ 43. ಸಿಪಿಎಂಗೆ ಬಿದ್ದ ವೋಟು ನೂರಕ್ಕೆ ಸುಮಾರು 20, ಸಿಪಿಐಗೆ ಸುಮಾರು 8. ಆ 8 ಎಲ್ಲಿ ಹೋಯಿತು? ಮೂರು ಸೀಟಿಗಾಗಿ ಅಷ್ಟೂ ವೋಟು ಕರಗಿತು. ಸಿಪಿಎಂನ ಅನೇಕರು ಆಗ ಜೈಲಿನಲ್ಲಿದ್ದರು, ಅಲ್ಲಿಂದಲೇ ಗೆದ್ದವರೂ ಇದ್ದರು. ಕಾಂಗ್ರೆಸ್ಸೂ ಒಡೆದು ಕೇರಳ ಕಾಂಗ್ರೆಸ್ ಹುಟ್ಟಿತ್ತು. ಅದಕ್ಕೇ ಸಿಪಿಎಂ ಮೊದಲ ಸ್ಥಾನಕ್ಕೆ ಬಂತು, ಇಲ್ಲದಿದ್ದರೆ ಅದೂ ಕಷ್ಟವಿತ್ತು. ಕೊನೆಗೆ ಯಾರಿಗೂ ಬಹುಮತ ಇಲ್ಲ. ಆ ಸಭೆ ಒಂದು ದಿನವೂ ಸೇರಲಿಲ್ಲ. ಜನ ಬಿಸಿಲಲ್ಲಿ ನಿಂತು ಹಾಕಿದ ವೋಟು ಅಲ್ವಾ ಅದು?

ಎರಡೇ ವರ್ಷದ ನಂತರ, 1967ರಲ್ಲಿ, ಇಬ್ಬರೂ ಸೀಟು ಹಂಚಿಕೊಂಡರು. ಸಿಪಿಎಂಗೆ 52, ಸಿಪಿಐಗೆ 19. ಒಟ್ಟು 71. ಸಿಪಿಎಂನ ಇಎಂಎಸ್ ನಂಬೂದಿರಿಪಾಡ್ ಮತ್ತೆ ಮುಖ್ಯಮಂತ್ರಿ. ಮುಸ್ಲಿಂ ಲೀಗು, ಸೋಷಲಿಸ್ಟರು ಎಲ್ಲ ಸೇರಿ ಏಳು ಪಕ್ಷಗಳ ಕೂಟ ಅದು, ಹಾಗಾಗಿ ಎಲ್ಲವನ್ನೂ ಆ ಇಬ್ಬರ ಲೆಕ್ಕಕ್ಕೆ ಬರೆಯುವುದು ತಪ್ಪು. ಆದರೂ 43 ಎಲ್ಲಿ, 71 ಎಲ್ಲಿ! ಆ ಸರ್ಕಾರವೂ 1969ರಲ್ಲಿ ಬಿತ್ತು, ಸಿಪಿಐ ಬೇರೆ ದಾರಿ ಹಿಡಿಯಿತು. 1980ರಿಂದ ಇಬ್ಬರೂ ಒಂದೇ ರಂಗದಲ್ಲಿದ್ದಾರೆ, ಅದೇ ಎಡರಂಗ. ನಮ್ಮ ಮಂಜೇಶ್ವರದಲ್ಲಿ ಸಿಪಿಐನ ಎ. ಸುಬ್ಬರಾವ್ 1980, 1982ರಲ್ಲಿ ಗೆದ್ದದ್ದು ಆಗಲೇ. ಅಪ್ಪ, ಚಿಕ್ಕಪ್ಪ ಒಂದೇ ಜೀಪಿನಲ್ಲಿ ಪ್ರಚಾರಕ್ಕೆ ಹೋದದ್ದನ್ನು ನಾನೇ ನೋಡಿದ್ದೇನೆ.

ಮಾಷ್ ಅವರ ನೋವು ಬೇರೆ. ಅವರು ಆರ್‌ಎಸ್‌ಪಿ, ಅಂದರೆ ರೆವಲ್ಯೂಷನರಿ ಸೋಷಲಿಸ್ಟ್ ಪಾರ್ಟಿಯ ಮನುಷ್ಯ. ಕೊಲ್ಲಂ ಲೋಕಸಭಾ ಸೀಟಿನ ಜಗಳದಲ್ಲಿ 2014ರಲ್ಲಿ ಆರ್‌ಎಸ್‌ಪಿ ಎಡರಂಗ ಬಿಟ್ಟು ಕಾಂಗ್ರೆಸ್ ಕೂಟಕ್ಕೆ ಹೋಯಿತು. ಎನ್.ಕೆ. ಪ್ರೇಮಚಂದ್ರನ್ ಸಿಪಿಎಂನ ಎಂ.ಎ. ಬೇಬಿಯವರನ್ನು 37 ಸಾವಿರಕ್ಕೂ ಹೆಚ್ಚು ವೋಟಿನಿಂದ ಸೋಲಿಸಿದರು. ಅಲ್ಲಿಯವರೆಗೆ ಸರಿ. 2016ಕ್ಕೆ ಆರ್‌ಎಸ್‌ಪಿಯೇ ಮತ್ತೆ ಒಡೆಯಿತು. ಕುನ್ನತ್ತೂರಿನ ಶಾಸಕ ಕೋವೂರ್ ಕುಂಞುಮೋನ್ ಆರ್‌ಎಸ್‌ಪಿ ಲೆನಿನಿಸ್ಟ್ ಅಂತ ಮಾಡಿಕೊಂಡು ಎಡರಂಗಕ್ಕೆ ಬಂದರು. ಅದೇ ಊರಲ್ಲಿ ಎರಡು ಆರ್‌ಎಸ್‌ಪಿ ಎದುರುಬದುರು, 2016ರಲ್ಲೂ 2021ರಲ್ಲೂ. ಎರಡು ಸಲವೂ ಗೆದ್ದವರು ಕುಂಞುಮೋನ್, ಎರಡನೇ ಸಲ ಅಂತರ ಮೂರು ಸಾವಿರಕ್ಕೂ ಕಡಿಮೆ. ಹಳೇ ಆರ್‌ಎಸ್‌ಪಿಗೆ ಆ ಎರಡೂ ವಿಧಾನಸಭೆಗಳಲ್ಲಿ ಒಂದೂ ಸೀಟು ಬರಲಿಲ್ಲ. "ಎರಡೂ ಕಡೆಯವರು ನನ್ನ ಶಿಷ್ಯರು ಕಣೋ, ಇಬ್ಬರೂ ಮನೆಗೆ ಬಂದು ವೋಟು ಕೇಳಿದರು" ಅಂದರು ಮಾಷ್. ಅವರ ಕಾಫಿ ಆರಿ ಹೋಗಿತ್ತು. ನಾನು ಇನ್ನೊಂದು ಕಾಫಿ ಹೇಳಿದೆ.

ತೆಲಂಗಾಣದಲ್ಲೂ 2023ರಲ್ಲಿ ಇದೇ ಕಥೆ. ಕಾಂಗ್ರೆಸ್ ಜೊತೆ ಹೋದ ಸಿಪಿಐ ಕೊತ್ತಗೂಡೆಂ ಗೆದ್ದಿತು. ಒಂಟಿಯಾಗಿ ನಿಂತ ಸಿಪಿಎಂಗೆ ಏನೂ ಸಿಗಲಿಲ್ಲ.

ಅಷ್ಟರಲ್ಲಿ ನನಗೆ ಹೊಳೆದದ್ದು ಈ ಕಾಫಿ ಹೌಸ್‌ನದೇ ವಿಷಯ. ಕೇರಳದಲ್ಲಿ ಕಾಫಿ ಹೌಸ್ ಸೊಸೈಟಿಗಳೂ ಎರಡು. ಒಂದು ತ್ರಿಶೂರಿನದು, ಒಂದು ಕಣ್ಣೂರಿನದು. ತಿರುವನಂತಪುರದಿಂದ ತ್ರಿಶೂರಿನವರೆಗೆ ಇವರದು, ಪಾಲಕ್ಕಾಡಿನಿಂದ ನಮ್ಮ ಕಾಸರಗೋಡಿನವರೆಗೆ ಅವರದು. ಲೆಕ್ಕಪತ್ರ ಬೇರೆ, ಅಡುಗೆಮನೆ ಬೇರೆ. ಆದರೆ ಊರುಗಳನ್ನು ಹಂಚಿಕೊಂಡಿದ್ದಾರೆ. ಒಬ್ಬರ ಅಂಗಡಿಯ ಎದುರು ಇನ್ನೊಬ್ಬರು ಬೋರ್ಡು ಹಾಕುವ ಮಾತಿಲ್ಲ. ಎರಡೂ ಕಡೆ ಅದೇ ಪೇಟ, ಅದೇ ಕೆಂಪು ಕಟ್ಲೆಟ್. ಇದನ್ನು ಹೇಳಿದಾಗ ಮಾಷ್ ನ್ಯಾಪ್‌ಕಿನ್ ಮಡಚಿ ಜೇಬಿಗೆ ಇಟ್ಟುಕೊಂಡರು. "ಇದನ್ನು ನಮ್ಮ ಹುಡುಗರಿಗೆ ತೋರಿಸಬೇಕು" ಅಂದರು.

ಹೋಗುವವರಿಗೆ ಒಂದೆರಡು ಮಾತು. ಊಟದ ಹೊತ್ತು ಮುಗಿದ ಮೇಲೆ, ಮೂರರ ಸುಮಾರಿಗೆ ಹೋದರೆ ಮೇಲಿನ ಸುತ್ತಿನಲ್ಲಿ ಗೋಡೆ ಪಕ್ಕದ ಜಾಗ ಸಿಗುತ್ತದೆ. ಬ್ಯಾಗು ಭಾರ ಇದ್ದರೆ ಇಳಿಜಾರಿನಲ್ಲಿ ಜಾರದಂತೆ ಕಾಲ ಬಳಿ ಇಟ್ಟುಕೊಳ್ಳಿ. ಕಟ್ಲೆಟ್ ಒಂದು ಸಾಲದು, ಎರಡು ಹೇಳಿ. ನಾನು ವಾಪಸ್ ಬರುವಾಗ ಮಗಳಿಗೂ ಕಟ್ಟಿಸಿಕೊಂಡು ಬಂದೆ. ರೈಲು ಕೊಲ್ಲಂ ದಾಟುವ ಮೊದಲೇ ಅವಳು ತಿಂದು ಮುಗಿಸಿದ್ದಳು.