ಸ್ವೈಪ್ ಮಷೀನ್: ಬ್ಯಾಂಕಿನ ತಿಂಗಳ ಬಾಡಿಗೆಯೋ, ಕಂಪನಿಯ 36 ತಿಂಗಳ ಕರಾರೋ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಸಣ್ಣ ಬಟ್ಟೆ ಅಂಗಡಿಗೆ ಯಾವುದು ಸರಿ ಎಂದರೆ, ಕರೆಂಟ್ ಅಕೌಂಟ್ ಇರುವ ಬ್ಯಾಂಕಿನ ಮಷೀನೇ ಸರಿ. ಬಾಡಿಗೆ ಮಾತ್ರ ತಿಂಗಳಿಂದ ತಿಂಗಳಿಗೆ ಇರಬೇಕು, ವರ್ಷಗಟ್ಟಲೆ ಕಟ್ಟಿಹಾಕಬಾರದು. ಬ್ಯಾಂಕಿನದು, ಖಾಸಗಿ ಕಂಪನಿಯದು ಎರಡನ್ನೂ ಒಂದೇ ಗಲ್ಲಾದ ಮೇಲೆ ಇಟ್ಟು ಓಡಿಸಿ ನೋಡಿ ಹೇಳುತ್ತಿರುವುದು.

ಸಿಕ್ಕ ದರಗಳು ಹೀಗಿದ್ದವು. ಖಾಸಗಿ ಕಂಪನಿಯದು ಕ್ರೆಡಿಟ್ ಕಾರ್ಡಿಗೆ ಶೇ 1.7 ಕಮಿಷನ್. "ಮಷೀನ್ ಫ್ರೀ ಅದ ರೀ, ಸಹಿ ಮಾಡ್ರಿ ಸಾಕು" ಅನ್ನುತ್ತಾನೆ ಏಜೆಂಟ್. ಆದರೆ ಫ್ರೀ ಆಗುವುದು ತಿಂಗಳಿಗೆ ಒಂದೂವರೆ ಲಕ್ಷ ಸ್ವೈಪ್ ಆದಾಗ ಮಾತ್ರ. ಆಗದ ತಿಂಗಳು 700 ಬಾಡಿಗೆ, ಜಿಎಸ್‌ಟಿ ಸೇರಿ 826. ಬ್ಯಾಂಕಿನದು ಶೇ 1.85, ಬಾಡಿಗೆ ಜಿಎಸ್‌ಟಿ ಸೇರಿ 413, ಇಷ್ಟೇ ಸ್ವೈಪ್ ಆಗಬೇಕೆಂಬ ಷರತ್ತಿಲ್ಲ.

ನಮ್ಮ ಕಡೆ ವ್ಯಾಪಾರ ಹನ್ನೆರಡೂ ತಿಂಗಳು ಒಂದೇ ಸಮ ಇರುವುದಿಲ್ಲ. ತೊಗರಿ ರಾಶಿಯಾಗಿ ಗಂಜ್ ಮಾರುಕಟ್ಟೆಗೆ ಬಂದ ಮೇಲೆ ರೊಕ್ಕ ಓಡಾಡುತ್ತದೆ, ಮದುವೆ ಸೀಸನ್‌ನಲ್ಲಿ ಓಡಾಡುತ್ತದೆ. ಜೂನಿನಲ್ಲಿ ಮಿರಗ (ಮೃಗಶಿರಾ) ಮಳೆ ಬಿದ್ದರೆ ಅದೇ ರೊಕ್ಕ ಬೀಜ, ಗೊಬ್ಬರಕ್ಕೆ ಹೋಗುತ್ತದೆ. ಹಿಂದೆಯೇ ಆಷಾಢ. ಕಂಪನಿ ಸ್ವೈಪ್ ಗುರಿಯನ್ನು ತಿಂಗಳ ಲೆಕ್ಕದಲ್ಲಿ ನೋಡುತ್ತದೆ, ವರ್ಷದ ಸರಾಸರಿ ಕೇಳುವುದಿಲ್ಲ. ಮೂರು ತಿಂಗಳು 1.6 ಲಕ್ಷ, ಉಳಿದ ಒಂಬತ್ತು ತಿಂಗಳು 60 ಸಾವಿರ ಸ್ವೈಪ್ ಅಂತ ಹಿಡಿಯಿರಿ, ಎಲ್ಲವೂ ಕ್ರೆಡಿಟ್ ಕಾರ್ಡೇ. ಕಂಪನಿಗೆ ವರ್ಷಕ್ಕೆ 17,340 ಕಮಿಷನ್, 7,434 ಬಾಡಿಗೆ, ಒಟ್ಟು 24,774. ಬ್ಯಾಂಕಿಗೆ 18,870 ಮತ್ತು 4,956, ಒಟ್ಟು 23,826. ಕಮಿಷನ್ ಮೇಲಿನ ಜಿಎಸ್‌ಟಿ ಎರಡರಲ್ಲೂ ಬಿಟ್ಟಿದ್ದೇನೆ. ಸಾವಿರವೂ ವ್ಯತ್ಯಾಸವಿಲ್ಲ. ಹಾಗಾದರೆ ಇಷ್ಟು ಹಟ ಯಾಕೆ ಅಂದರೆ, ಕರಾರು ಮುಗಿಸುವ ಕಷ್ಟಕ್ಕೆ.

ಕಂಪನಿಯ ಮಷೀನ್ ವಾಪಸ್ ಕೊಟ್ಟರೂ ಬಾಡಿಗೆ ನಿಲ್ಲುವುದಿಲ್ಲ. ಸಹಿ ಹಾಕಿದ್ದು ಒಂದೇ ಫಾರ್ಮ್ ಅನ್ನಿಸಿದರೂ ಒಳಗಿರುವುದು ಮೂರು: ಕಾರ್ಡ್ ವ್ಯವಹಾರದ ಒಪ್ಪಂದ, ಮಷೀನಿನ ಲೀಸ್, ಖಾತೆಯಿಂದ ತಾನಾಗಿ ಹಣ ಕಟ್ಟಾಗುವ ನ್ಯಾಚ್ ಮ್ಯಾಂಡೇಟ್. ಮೂರನ್ನೂ ಬೇರೆಬೇರೆಯಾಗಿ ಮುಚ್ಚಬೇಕು. ಲೀಸ್ ಕಾಗದದಲ್ಲಿ ಅವಧಿಗೆ ಮೊದಲು ಬಿಟ್ಟರೆ ಉಳಿದ ತಿಂಗಳ ಬಾಡಿಗೆ ಒಟ್ಟಿಗೆ ಕೊಡಬೇಕು ಎಂದಿರುತ್ತದೆ. 36 ತಿಂಗಳ ಕರಾರನ್ನು 16 ತಿಂಗಳಿಗೆ ಬಿಟ್ಟರೆ ಬಾಕಿ 20 ತಿಂಗಳಿಗೆ 16,520. ಅವಧಿ ಮುಗಿಯುವ ಮುಂಚೆ ಲಿಖಿತ ನೋಟಿಸ್ ಕೊಡದಿದ್ದರೆ ಕರಾರು ತಾನೇ ಮುಂದುವರಿಯುತ್ತದೆ ಎಂಬ ಸಾಲನ್ನೂ ಕೊನೇ ಪುಟದಲ್ಲಿ ಹುಡುಕಿ.

ಮುಚ್ಚುವ ಕ್ರಮ ತಪ್ಪಿದರೆ ದಂಡ ಬೀಳುತ್ತದೆ. ಮೊದಲು ಮಷೀನಿನಲ್ಲಿ ಕೊನೆಯ ಬ್ಯಾಚ್ ಸೆಟಲ್‌ಮೆಂಟ್ ಒತ್ತಿ ಚೀಟಿ ತೆಗೆಯಿರಿ, ಇಲ್ಲದಿದ್ದರೆ ಆ ದಿನದ ರೊಕ್ಕ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎಂಐಡಿ (ಅಂಗಡಿಯ ಗುರುತು), ಟಿಐಡಿ (ಮಷೀನಿನ ಗುರುತು) ನಂಬರ್ ಬರೆದು ಇಮೇಲ್ ಕಳಿಸಿ, ದೂರು ನಂಬರ್ ತಗೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಒಯ್ಯಲು ಬಂದ ಹುಡುಗನಿಂದ ಮಷೀನಿನ ಸೀರಿಯಲ್ ನಂಬರ್, ಸಿಮ್, ಚಾರ್ಜರ್ ಮೂರೂ ಬರೆದ ರಸೀದಿ ಇಸಿದುಕೊಳ್ಳಿ. ಚಾರ್ಜರ್ ಬಂದಿಲ್ಲವೆಂದು ಡಿಪಾಸಿಟ್ ಮುರಿಯುವುದು ಸಾಮಾನ್ಯ. ಟಿಐಡಿ ಬಂದ್ ಆಗಿದೆ, ಬಾಕಿ ಇಲ್ಲ ಎಂಬ ಮೇಲ್ ಬಂದ ಮೇಲೆಯೇ ನಿಮ್ಮ ಬ್ಯಾಂಕಿಗೆ ಹೋಗಿ ಆ ಮ್ಯಾಂಡೇಟಿನ ಗುರುತಾದ ಯುಎಂಆರ್‌ಎನ್ ನಂಬರ್ ಕೊಟ್ಟು ಮ್ಯಾಂಡೇಟ್ ರದ್ದು ಮಾಡಿಸಿ. ಸಿಟ್ಟಿನಲ್ಲಿ ಮೊದಲೇ ಖಾತೆ ಖಾಲಿ ಮಾಡಿದರೆ ಪ್ರತಿ ಸಲ ಬೌನ್ಸ್ ಆದಾಗ ಬ್ಯಾಂಕಿನದೊಂದು ಚಾರ್ಜ್, ಕಂಪನಿಯದೊಂದು ಚಾರ್ಜ್.

ಬ್ಯಾಂಕಿನ ಮಷೀನಿಗೂ ಇದೇ ಕಾಗದಪತ್ರ ಉಂಟು. ಆದರೆ ಎದುರಿಗೆ ಶಾಖೆ ಇರುತ್ತದೆ, ಅರ್ಜಿಯ ನಕಲಿಗೆ ಸೀಲ್ ಹಾಕಿಸಿಕೊಳ್ಳಬಹುದು, ನಷ್ಟವಾದರೂ ಒಂದು ತಿಂಗಳ ಬಾಡಿಗೆ.

ಯಾವುದನ್ನೇ ತಗೊಂಡರೂ ದರಪಟ್ಟಿಯಲ್ಲಿ ಡೆಬಿಟ್ ಕಾರ್ಡಿನ ಸಾಲು ಓದಿ. ರುಪೇ ಡೆಬಿಟ್ ಕಾರ್ಡಿಗೂ ಬ್ಯಾಂಕ್ ಖಾತೆಯಿಂದ ಬರುವ ಯುಪಿಐಗೂ 2020ರ ಜನವರಿಯಿಂದ ಕಮಿಷನ್ ಇಲ್ಲ. ಬೇರೆ ಡೆಬಿಟ್ ಕಾರ್ಡುಗಳಿಗೆ, ಹಿಂದಿನ ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಮಷೀನಿನಲ್ಲಿ ಶೇ 0.40 ಮೀರುವಂತಿಲ್ಲ, ಅದಕ್ಕಿಂತ ಹೆಚ್ಚಿದ್ದರೆ ಶೇ 0.90. ಏಜೆಂಟರು ಕೇಳದೆಯೇ ಎರಡನೆಯದಕ್ಕೆ ಟಿಕ್ ಹಾಕುತ್ತಾರೆ. ಜಿಎಸ್‌ಟಿ ಕಾಂಪೋಸಿಷನ್ ಸ್ಕೀಮಿನಲ್ಲಿ (ವಹಿವಾಟಿನ ಮೇಲೆ ಒಂದೇ ಸಣ್ಣ ದರದ ತೆರಿಗೆ) ಇರುವವರಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಟ್ಟ ಜಿಎಸ್‌ಟಿ ಹೊಂದಿಸಿಕೊಳ್ಳುವ ಅವಕಾಶ, ಸಿಗದು, ಹಾಗಾಗಿ ಬಾಡಿಗೆ ಮೇಲಿನ ಶೇ 18 ಜಿಎಸ್‌ಟಿ ಪೂರ್ತಿ ಕೈಯಿಂದಲೇ.

ಸೆಟಲ್‌ಮೆಂಟ್, ಅಂದರೆ ಸ್ವೈಪ್ ಆದ ರೊಕ್ಕ ಖಾತೆಗೆ ಬರುವುದು, ಎರಡರಲ್ಲೂ ಮರುದಿನ. ನೆಟ್‌ವರ್ಕ್‌ನಲ್ಲಿ ಕಂಪನಿಯದೇ ಮೇಲು: ವೈಫೈ ಹಿಡಿಯುತ್ತದೆ, ಬ್ಯಾಂಕಿನದು ಸಿಮ್ ಒಂದನ್ನೇ ನಂಬಿದೆ. ಗಿರಾಕಿಗೆ ಹಣ ಕಟ್ಟಾದ ಮೆಸೇಜ್ ಬಂದು ಮಷೀನ್ ಫೇಲ್ ತೋರಿಸಿದರೆ ಮಾಲು ಕೊಡಬೇಡಿ. ಆರ್‌ಬಿಐ 2019ರ ನಿಯಮದಂತೆ ಐದು ದಿನದೊಳಗೆ ಅವರ ಖಾತೆಗೆ ವಾಪಸ್ ಆಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇನ್ನು ಚೀಟಿ. ನಮ್ಮ ಬೇಸಿಗೆಗೆ ಥರ್ಮಲ್ ಕಾಗದದ ಅಕ್ಷರ ನಿಲ್ಲುವುದಿಲ್ಲ. ದೊಡ್ಡ ಬಿಲ್ಲಿನ ಚೀಟಿಯ ಫೋಟೋ ಅವತ್ತೇ ತೆಗೆದಿಡಿ, ಗಿರಾಕಿ ಆಮೇಲೆ ತಕರಾರು ಎತ್ತಿದರೆ ತೋರಿಸಲು ಬೇಕಾಗುತ್ತದೆ.

ಫೋನನ್ನೇ ಮಷೀನ್ ಮಾಡಿಕೊಳ್ಳುವ ಆ್ಯಪ್‌ಗೆ ಸಾಮಾನ್ಯವಾಗಿ ಬಾಡಿಗೆ ಇಲ್ಲ. ಆದರೆ 5,000 ದಾಟಿದರೆ ಪಿನ್ ಬೇಕು, ಅಂಗಡಿಯವರ ಫೋನಿನಲ್ಲಿ ಪಿನ್ ಒತ್ತಲು ಗಿರಾಕಿ ಹಿಂದೇಟು ಹಾಕುತ್ತಾರೆ.

ಕಿರಾಣಿ ಅಂಗಡಿಗೆ ಮಷೀನೇ ಬೇಡ, ಕ್ಯೂಆರ್ ಮತ್ತು ಸೌಂಡ್ ಬಾಕ್ಸ್ ಸಾಕು. ತಿಂಗಳಿಗೆ 15 ಸಾವಿರವಷ್ಟೇ ಸ್ವೈಪ್ ಆದರೆ ಆ 413 ಬಾಡಿಗೆಯೇ ಶೇ 2.75 ಬಿತ್ತು, ಕಮಿಷನ್ ಇನ್ನೂ ಸೇರಿಸಿಲ್ಲ. ಬೀದರಿನ ಬಿದ್ರಿ ಅಂಗಡಿಯವರ ಲೆಕ್ಕ ಬೇರೆ. ಹೊರಗಿನ ಪ್ರವಾಸಿಗರು ದೊಡ್ಡ ಬಿಲ್ಲಿಗೆ ಕ್ರೆಡಿಟ್ ಕಾರ್ಡ್ ಕೊಟ್ಟು ಪ್ರತಿ ತಿಂಗಳೂ ಒಂದೂವರೆ ಲಕ್ಷ ದಾಟುವಂತಿದ್ದರೆ ಕಂಪನಿಯ ಶೇ 1.7 ಅವರಿಗೆ ಲಾಭವೇ. ಅವರೂ 36 ತಿಂಗಳನ್ನು 12ಕ್ಕೆ ಇಳಿಸಿ ಅಂತ ಕೇಳಲಿ. ತಿಂಗಳ ಕೊನೇ ವಾರದಲ್ಲಿ ಕೇಳಿದರೆ ಏಜೆಂಟ್ ಒಪ್ಪುವುದೂ ಉಂಟು.