ಗಂಗಾವತಿ, ಕಾರಟಗಿ ಕಡೆಯವರೇ, ಚಾರ್ಟ್ ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ನಮ್ಮ ಗಂಗಾವತಿಯಲ್ಲಿ ಮತ್ತೆ ಶೇರು ಮಾರ್ಕೆಟ್ ಕ್ಲಾಸಿನ ಬ್ಯಾನರ್ ಕಟ್ಟಿದ್ದಾರೆ. ಟೆಕ್ನಿಕಲ್ ಅನಾಲಿಸಿಸ್, ಅಂದರೆ ಹಳೆಯ ಬೆಲೆಗಳ ಚಾರ್ಟ್ ನೋಡಿ ಮುಂದಿನ ಬೆಲೆ ಊಹಿಸುವುದನ್ನು ಕಲಿತರೆ ಮನೆಯಲ್ಲೇ ಕೂತು ದಿನಾ ದುಡಿಯಬಹುದಂತೆ. ಇಂಥದ್ದೇ ಒಂದು ಕ್ಲಾಸಿಗೆ ನನ್ನ ತಮ್ಮ 2024ರಲ್ಲಿ ಸೇರಿದ್ದ. ಫೀಸು 28 ಸಾವಿರ. ಆಮೇಲೆ ಆಪ್ಷನ್ಸ್‌ನಲ್ಲಿ (ಇಂತಿಷ್ಟು ದಿನದೊಳಗೆ ಬೆಲೆ ಏರುತ್ತದೆ ಅಥವಾ ಇಳಿಯುತ್ತದೆ ಅಂತ ದುಡ್ಡು ಹಾಕುವ ಕರಾರು) ಹೋದದ್ದು 1 ಲಕ್ಷ 86 ಸಾವಿರ. ಭತ್ತ ಮಾರಿ ಕೂಡಿಟ್ಟ ದುಡ್ಡು ಅದು. ಹಿಂದಿನ ವರ್ಷ ಬರ ಬೇರೆ. ಕೈ ಖಾಲಿ ಇದ್ದ ಹುಡುಗರಿಗೆ ಇಂಥ ಮಾತು ಹಿಡಿಸುವುದರಲ್ಲಿ ಆಶ್ಚರ್ಯ ಏನಿಲ್ಲ.

ಕ್ಲಾಸು ನಡೆಸಿದವರ ಹೆಸರು ಬರೆಯುವುದಿಲ್ಲ. ಅವರು ಹೋದರೆ ಇನ್ನೊಬ್ಬರು ಬರುತ್ತಾರೆ. ಕೆಲಸ ಹೇಗೆ ನಡೆಯುತ್ತದೆ ಅನ್ನೋದು ಗೊತ್ತಿದ್ದರೆ ಸಾಕು.

ಮೊದಲ ದಿನ ಫ್ರೀ ಇತ್ತು, ನಾನೂ ಹೋಗಿದ್ದೆ. ಸುತ್ತಲಿನ ಕ್ಯಾಂಪ್‌ಗಳಿಂದ, ಶ್ರೀರಾಮನಗರದಿಂದ ಬಂದ ಹುಡುಗರಿಂದ ಹಾಲ್ ತುಂಬಿತ್ತು. ಬೆಲೆಯ ಏರಿಳಿತವನ್ನು ಮೇಣದಬತ್ತಿಯ ಆಕಾರದಲ್ಲಿ ತೋರಿಸುವ ಕ್ಯಾಂಡಲ್ ಚಾರ್ಟ್ ಬಂದಿದ್ದೇ ಜಪಾನಿನ ಅಕ್ಕಿ ವ್ಯಾಪಾರದಿಂದ, ನೀವೂ ಅಕ್ಕಿ ಊರಿನವರು, ನಿಮಗೆ ಇದು ಬೇಗ ಹತ್ತುತ್ತದೆ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಜಪಾನಿನ ಅಕ್ಕಿ ವ್ಯಾಪಾರದ ಮಾತು ಸುಳ್ಳಲ್ಲ. ಆರ್‌ಎಸ್‌ಐ (ಬೆಲೆ ಎಷ್ಟು ಜೋರಾಗಿ ಏರಿದೆ, ಬಿದ್ದಿದೆ ಅನ್ನುವುದರ 0ಯಿಂದ 100ರವರೆಗಿನ ಅಳತೆ) ಬಗ್ಗೆ ಹೇಳಿದ್ದೂ ಸರಿಯಾಗಿಯೇ ಇತ್ತು. 1978ರಲ್ಲಿ ವೆಲ್ಸ್ ವೈಲ್ಡರ್ ಅನ್ನುವವರು ಕೊಟ್ಟ ಲೆಕ್ಕ ಅದು. 70ರ ಮೇಲೆ ಹೋದರೆ ಜಾಸ್ತಿ ಏರಿದೆ, 30ರ ಕೆಳಗೆ ಬಂದರೆ ಜಾಸ್ತಿ ಬಿದ್ದಿದೆ ಅಂತ ನೋಡುತ್ತಾರೆ. ಆದರೆ ಜೋರಾಗಿ ಏರುವ ಶೇರಿನಲ್ಲಿ ಆರ್‌ಎಸ್‌ಐ 70ರ ಮೇಲೆ ವಾರಗಟ್ಟಲೆ ನಿಲ್ಲಬಹುದು. ಅದನ್ನು ಅಲ್ಲಿ ಯಾರೂ ಹೇಳಲಿಲ್ಲ. ತೋರಿಸಿದ್ದೆಲ್ಲ ಹಳೆಯ ಚಾರ್ಟ್. ಏರಿ ಮುಗಿದ ಮೇಲೆ ಬಾಣ ಹಾಕಿ, ನೋಡಿ ಇಲ್ಲೇ ಹ್ಯಾಮರ್ ಬಂತು, ಇಲ್ಲೇ ತಗೋಬೇಕಿತ್ತು ಅಂತ ವಿವರಿಸಿದರು. ಹ್ಯಾಮರ್ ಅಂದರೆ ಕೆಳಗೆ ಉದ್ದ ಬಾಲ ಇರುವ ಕ್ಯಾಂಡಲ್, ಬಿದ್ದ ಬೆಲೆ ಮತ್ತೆ ಏರುವ ಗುರುತು ಅನ್ನುತ್ತಾರೆ. ಹ್ಯಾಮರ್ ಬಂದ ಮೇಲೂ ಬಿದ್ದ ಒಂದು ಚಾರ್ಟನ್ನೂ ತೋರಿಸಲಿಲ್ಲ.

ಫೀಸು ಕಟ್ಟಿದವರಿಗೆ ಟೆಲಿಗ್ರಾಂ ಗ್ರೂಪ್. ಅಲ್ಲಿ ನಡೆದದ್ದರಲ್ಲಿ ಒಂದು ವಾರದ್ದು ಪೂರ್ತಿ ಹೇಳುತ್ತೇನೆ, ಯಾಕಂದ್ರೆ ಆ ಮೆಸೇಜುಗಳು ಇನ್ನೂ ತಮ್ಮನ ಫೋನಿನಲ್ಲಿವೆ.

2024ರ ಜೂನ್ 1, ಶನಿವಾರ ಸಂಜೆ ಲೋಕಸಭೆ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಬಂದವು. ಸೋಮವಾರ ನಿಫ್ಟಿ (50 ದೊಡ್ಡ ಕಂಪನಿಗಳ ಶೇರುಗಳ ಸೂಚ್ಯಂಕ) ಶೇ. 3ಕ್ಕಿಂತ ಜಾಸ್ತಿ ಏರಿ ದಾಖಲೆ ಮಟ್ಟಕ್ಕೆ ಹೋಯಿತು. ಗ್ರೂಪಿನಲ್ಲಿ ಚಾರ್ಟ್ ಬಂತು, ಮೇಲೆ ಗೆರೆ ಎಳೆದು 'ಬ್ರೇಕ್‌ಔಟ್' ಅಂತ, ಅಂದರೆ ಗೆರೆ ದಾಟಿದೆ, ಇನ್ನೂ ಏರುತ್ತದೆ ಅಂತ ಬರೆದಿದ್ದರು. ಅದೇ ಗುರುವಾರ ಮುಗಿಯುವ 23,400ರ ಕಾಲ್ ಆಪ್ಷನ್ ತಗೊಂಡು ಇಟ್ಟುಕೊಳ್ಳಿ ಅಂದರು. ಗುರುವಾರ ನಿಫ್ಟಿ 23,400ರ ಮೇಲೆ ಮುಚ್ಚದಿದ್ದರೆ ಸೊನ್ನೆ ಆಗುವಂಥದ್ದು ಅದು. ತಮ್ಮ ತಗೊಂಡ. ಮಂಗಳವಾರ ಮತ ಎಣಿಕೆ. ನಿಫ್ಟಿ ಹತ್ತಿರ ಹತ್ತಿರ ಶೇ. 6 ಬಿತ್ತು. ಆ ದಿನ ಗ್ರೂಪಿನಲ್ಲಿ ಯಾರೂ ಮೆಸೇಜ್ ಹಾಕದ ಹಾಗೆ ಬಂದ್ ಮಾಡಿದ್ದರು. ಬುಧವಾರ ಅದೇ ಚಾರ್ಟ್ ಮತ್ತೆ ಬಂತು. ಅದೇ ಗೆರೆ, ಅದೇ ಸೋಮವಾರದ ಕ್ಯಾಂಡಲ್. ಈ ಸಲ ಅದರ ಮೇಲೆ 'ಬುಲ್ ಟ್ರ್ಯಾಪ್' ಅಂತ, ಅಂದರೆ ಏರುತ್ತದೆ ಅಂತ ನಂಬಿಸಿ ಬೀಳುವುದು ಅಂತ ಬರೆದಿತ್ತು. ಗುರುವಾರ ನಿಫ್ಟಿ 22,821ಕ್ಕೆ ಮುಚ್ಚಿತು, ತಮ್ಮನ ಆಪ್ಷನ್ ಸೊನ್ನೆ ಆಯಿತು. ಶುಕ್ರವಾರ ನಿಫ್ಟಿ ಜಿಗಿದು ಸೋಮವಾರದ ಮಟ್ಟವನ್ನೂ ದಾಟಿ ಮುಚ್ಚಿತು. ನಾವು ಹೇಳಿದ ಟಾರ್ಗೆಟ್ ಕಡೆಗೇ ಹೊರಟಿತಲ್ಲ ಅಂತ ಆಗ ಇನ್ನೊಂದು ಚಾರ್ಟ್ ಬಂತು.

ಒಂದೇ ವಾರ, ಒಂದೇ ಕ್ಯಾಂಡಲ್, ಮೂರು ಅರ್ಥ. ಮಾರ್ಕೆಟ್ ಏರಲಿ ಇಳಿಯಲಿ, ಹೇಳಿದವರು ತಪ್ಪಲೇ ಇಲ್ಲ. ದುಡ್ಡು ಹೋದದ್ದು ಮಾತ್ರ ನಿಜ. ಶುಕ್ರವಾರ ಏರುತ್ತದೆ ಅನ್ನುವುದು ಸರಿಯೇ ಆಗಿದ್ದರೂ ಗುರುವಾರ ಸತ್ತ ಆಪ್ಷನ್‌ಗೆ ಅದರಿಂದ ಏನು ಬಂತು? ದಿಕ್ಕು ಸರಿಯಿದ್ದರೆ ಸಾಲದು, ಅವಧಿಯ ಒಳಗೆ ಬರಬೇಕು. ಶೇರನ್ನೇ ಕೊಂಡಿದ್ದರೆ ಕಾಯಬಹುದಿತ್ತು. ಕ್ಲಾಸಿನಲ್ಲಿ ಈ ವ್ಯತ್ಯಾಸಕ್ಕೆ ಹತ್ತು ನಿಮಿಷವನ್ನೂ ಕೊಟ್ಟಿರಲಿಲ್ಲ ಅನ್ನೋದೇ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಆಮೇಲೆ ಅವನ ಕಾಂಟ್ರ್ಯಾಕ್ಟ್ ನೋಟ್‌ಗಳನ್ನು (ಬ್ರೋಕರ್ ಕಳಿಸುವ ಲೆಕ್ಕದ ಚೀಟಿ) ಇಟ್ಟುಕೊಂಡು ಕೂತೆವು. ಒಂದು ಆರ್ಡರ್‌ಗೆ ಬ್ರೋಕರೇಜ್ 20 ರೂಪಾಯಿ. ಕೊಳ್ಳುವಾಗ ಒಮ್ಮೆ, ಮಾರುವಾಗ ಒಮ್ಮೆ. ಅದರ ಮೇಲೆ ಶೇ. 18 ಜಿಎಸ್‌ಟಿ. ಮಾರುವಾಗ ಎಸ್‌ಟಿಟಿ ಅನ್ನುವ ತೆರಿಗೆ, ಕೊಳ್ಳುವಾಗ ಸ್ಟ್ಯಾಂಪ್ ಡ್ಯೂಟಿ, ಜೊತೆಗೆ ಎಕ್ಸ್‌ಚೇಂಜ್ ಚಾರ್ಜು. ಲಾಭ ಬಂದ ದಿನವೂ ಇದು ಕಟ್ ಆಗುತ್ತದೆ, ನಷ್ಟದ ದಿನವೂ ಕಟ್ ಆಗುತ್ತದೆ. ಅವನ ನಷ್ಟದಲ್ಲಿ 38 ಸಾವಿರ ಬರೀ ಇದೇ. ದಿನಾ ಟ್ರೇಡ್ ಮಾಡಿ ಅನ್ನುವವರು ಈ ಕಾಲಂ ತೋರಿಸುವುದೇ ಇಲ್ಲ.

ಇದು ನಮ್ಮ ಮನೆಯ ಕತೆ ಮಾತ್ರ ಅಂದುಕೊಳ್ಳಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಶೇರು ಮಾರ್ಕೆಟ್ ನಿಯಂತ್ರಿಸುವ ಸೆಬಿ ಒಂದು ಅಧ್ಯಯನ ಹೊರತಂದಿತು. ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ (ಅದೂ ಮುಂದಿನ ಬೆಲೆಯ ಮೇಲಿನ ಕರಾರೇ) ಮತ್ತು ಆಪ್ಷನ್ಸ್ ಮಾಡಿದ ಸಾಮಾನ್ಯ ಜನರಲ್ಲಿ ಶೇ. 93 ಮಂದಿಗೆ ನಷ್ಟ. ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. 2023–24ರಲ್ಲಿ ಇದನ್ನು ಮಾಡಿದವರಲ್ಲಿ ಶೇ. 70ಕ್ಕೂ ಹೆಚ್ಚು ಜನ ದೊಡ್ಡ 30 ನಗರಗಳ ಹೊರಗಿನವರು, ಅಂದರೆ ನಮ್ಮಂಥ ಊರಿನವರು. ಮುಕ್ಕಾಲು ಪಾಲು ಜನ ತಮ್ಮ ವರ್ಷದ ಆದಾಯ 5 ಲಕ್ಷಕ್ಕಿಂತ ಕಡಿಮೆ ಅಂತ ಹೇಳಿಕೊಂಡವರು. ಆ ಕಡೆ ಲಾಭ ಮಾಡಿದ ದೊಡ್ಡ ಸಂಸ್ಥೆಗಳ ಟ್ರೇಡ್ ಬಹುಪಾಲು ಕಂಪ್ಯೂಟರ್ ಅಲ್ಗಾರಿದಮ್‌ನಿಂದ ನಡೆದದ್ದು. ಮೊಬೈಲಿನಲ್ಲಿ ಕ್ಯಾಂಡಲ್ ನೋಡಿ ಬೆರಳಿಂದ ಆರ್ಡರ್ ಹಾಕುವ ಹುಡುಗ ಅವರ ಎದುರಿಗೆ ಕೂತಿರುತ್ತಾನೆ.

ಹಾಗಂತ ಚಾರ್ಟ್ ಅನ್ನೋದೇ ಮೋಸ ಅಂತ ನಾನು ಹೇಳುವುದಿಲ್ಲ. ಕೊಂಡ ಶೇರು ಹಿಂದಿನ 200 ದಿನಗಳ ಬೆಲೆಯ ಸರಾಸರಿಗಿಂತ ಕೆಳಗೆ ಬಿದ್ದು ಕೂತಿದ್ದರೆ ಏನಾಗಿದೆ ಅಂತ ವಿಚಾರಿಸೋಕೆ ಅದು ಒಳ್ಳೆಯ ಗುರುತು. ಎಷ್ಟಕ್ಕೆ ಬಿದ್ದರೆ ಹೊರಗೆ ಬರಬೇಕು ಅಂತ ಮೊದಲೇ ನಿಗದಿ ಮಾಡೋಕೂ ಚಾರ್ಟ್ ಬೇಕು. ನಡೆದು ಹೋದದ್ದನ್ನು ಅದು ಚೆನ್ನಾಗಿ ತೋರಿಸುತ್ತದೆ. ನಾಳೆಯದ್ದಕ್ಕೆ ಗ್ಯಾರಂಟಿ ಕೊಡುವುದಿಲ್ಲ. ಆ ಗ್ಯಾರಂಟಿಯನ್ನು ಸೇರಿಸಿ ಮಾರುವವರು ಕ್ಲಾಸಿನವರು.

ನೀವೇ ಪರೀಕ್ಷೆ ಮಾಡಬಹುದು. ಹಳೆಯ ಚಾರ್ಟ್ ತೆಗೆದು ಬಲಭಾಗವನ್ನು ಕಾಗದದಿಂದ ಮುಚ್ಚಿ. ಕೆಲವು ಆ್ಯಪ್‌ಗಳಲ್ಲಿ ಇದಕ್ಕೇ ರೀಪ್ಲೇ ಅಂತ ಇದೆ. ಕಾಣುವ ಭಾಗದಲ್ಲಿ ಹ್ಯಾಮರ್‌ನಂಥ ಪ್ಯಾಟರ್ನ್ ಗುರುತಿಸಿ, ಎಲ್ಲಿ ಕೊಳ್ಳುತ್ತೀರಿ, ಎಲ್ಲಿ ಬಿಡುತ್ತೀರಿ ಅಂತ ಮೊದಲು ಬರೆದಿಡಿ. ಆಮೇಲೆ ಒಂದೊಂದೇ ಕ್ಯಾಂಡಲ್ ತೆರೆಯಿರಿ. ಖರ್ಚನ್ನೂ ಕಳೆಯಿರಿ. ನಾನೂ ತಮ್ಮನೂ ಹೀಗೆ ಮಾಡಿದಾಗ ಕ್ಲಾಸಿನಲ್ಲಿ ಕಲಿಸಿದ ಪ್ಯಾಟರ್ನ್‌ಗಳಲ್ಲಿ ಖರ್ಚು ಕಳೆದ ಮೇಲೆ ಏನೂ ಉಳಿಯಲಿಲ್ಲ. ಮೇಷ್ಟ್ರಿಗೂ ಇದನ್ನೇ ಮಾಡಿ ತೋರಿಸಿ ಅಂತ ಕೇಳಿ. ನಾವು ಕೇಳಿದ್ದಕ್ಕೆ ನಿಮಗೆ ನಂಬಿಕೆ ಇಲ್ಲ ಅಂದರು.

ಲಾಭದ ಸ್ಕ್ರೀನ್‌ಶಾಟ್ ತೋರಿಸಿದರೆ, ಇಡೀ ವರ್ಷದ ಲಾಭ ನಷ್ಟದ ಪಟ್ಟಿಯನ್ನು ಬ್ರೋಕರ್ ಆ್ಯಪಿನಲ್ಲೇ ನಮ್ಮೆದುರು ತೆಗೆಯಿರಿ ಅನ್ನಿ. ಇದನ್ನು ಕೊಳ್ಳಿ, ಅದನ್ನು ಮಾರಿ ಅಂತ ಕಾಲ್ ಕೊಡುವವರಾದರೆ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿ ಜಾಲತಾಣದಲ್ಲಿ ಹಾಕಿ ನೋಡಿ. ಬರೀ ಕಲಿಸುವವರು ಈಚಿನ ಮೂರು ತಿಂಗಳ ಬೆಲೆಗಳನ್ನು ಬಳಸಬಾರದು ಅಂತ 2025ರ ಜನವರಿಯಲ್ಲಿ ಸೆಬಿ ಸ್ಪಷ್ಟವಾಗಿ ಹೇಳಿತ್ತು. ನಾವು ಫೀಸು ವಾಪಸ್ ಕೇಳಿದಾಗ, ಇದು ಶಿಕ್ಷಣಕ್ಕೆ ಮಾತ್ರ ಅಂತ ಫಾರಂನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಸಾಲು ತೋರಿಸಿದರು. ಅದಕ್ಕೇ ಹೇಳುತ್ತಿರುವುದು, ಈಗಾಗಲೇ ಸೇರಿದವರಿದ್ದರೆ ರಸೀದಿ, ಫಾರಂನ ಫೋಟೋ, ಗ್ರೂಪಿನ ಮೆಸೇಜು ಎಲ್ಲ ಇಟ್ಟುಕೊಳ್ಳಿ. ಬೇಜಾರಾಗಿ ಗ್ರೂಪಿನಿಂದ ಹೊರಗೆ ಬರುವ ಮುಂಚೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ, ದೂರು ಕೊಡೋಕೆ ಅದು ಬೇಕೇ ಬೇಕು.